ಪಕ್ಕವಾದ್ಯವಿಲ್ಲದ ಮೂರು ನಿಮಿಷ

ನಮ್ಮ ಕಚೇರಿ ಸಂಪ್ರದಾಯದಲ್ಲಿ ಗಾಯಕನು ಎಂದೂ ಒಬ್ಬಂಟಿಯಲ್ಲ. ಬೆನ್ನಿಗೆ ತಂಬೂರಿಯಿದೆ, ಎಡಬಲಗಳಲ್ಲಿ ಪಿಟೀಲು, ಮೃದಂಗಗಳಿವೆ. ಹೊಸಬನು ತಾಳ ತಪ್ಪಿದರೆ ಅನುಭವಿಗಳಾದ ಪಕ್ಕವಾದ್ಯದವರು ಸಭೆಗೆ ತಿಳಿಯದಂತೆ ಅವನನ್ನು ದಾರಿಗೆ ತರುತ್ತಾರೆ. ಪಿಯಾನೋ ಅಥವಾ ಗಿಟಾರ್ ಕಲಿಯುವ ವಿದ್ಯಾರ್ಥಿಯ ಏಕವಾದನದಲ್ಲಿ ಈ ಆಸರೆ ಯಾವುದೂ ಇಲ್ಲ. ಹತ್ತು ವರ್ಷದ ಮಗುವೊಂದು ವೇದಿಕೆಗೆ ಬಂದು, ತಲೆಬಾಗಿ ವಂದಿಸಿ, ಕುಳಿತು ಮೂರು ನಿಮಿಷ ನುಡಿಸಿ ಎದ್ದುಹೋಗುತ್ತದೆ. ಬೆರಳು ಎಡವಿದರೆ ಮುಚ್ಚುವವರಿಲ್ಲ.

ಕೋಲ್ಕತ್ತದಲ್ಲಿ ನೆಲೆಸಿರುವ ನಮ್ಮವರ ಹಲವು ಮನೆಗಳ ಮಕ್ಕಳು ಈ ವಾದ್ಯಗಳನ್ನು ಕಲಿಯುತ್ತಿದ್ದಾರೆ. ಅಂಥ ವಾರ್ಷಿಕ ವಾದನಗಳಿಗೆ ತಪ್ಪದೆ ಹೋಗುವ ಒಬ್ಬ ತಂದೆಯಾಗಿ ನಾಲ್ಕು ಮಾತು ಬರೆಯುವುದು ಉಚಿತವೆಂದು ತೋರಿತು.

ಒಬ್ಬನೇ ಕುಳಿತು ನುಡಿಸುವ ಕಾರ್ಯಕ್ರಮಕ್ಕೆ ‘ರಿಸೈಟಲ್’ ಎಂಬ ಹೆಸರನ್ನು ರೂಢಿಗೆ ತಂದವನು ಪಿಯಾನೋ ವಾದಕ ಫ್ರಾಂಜ್ ಲಿಸ್ಟ್, 1840ರಲ್ಲಿ, ಲಂಡನ್ನಿನಲ್ಲಿ. ಈ ನಗರಕ್ಕೆ ಆ ವಿದ್ಯೆ ಆಂಗ್ಲರೊಡನೆ ಬಂದಿತು. ಫಿಲಿಪ್ ಸಾಂಡ್ರೆ ಎಂಬವರು 1915ರಲ್ಲಿ ಸ್ಥಾಪಿಸಿದ ಕಲ್ಕತ್ತ ಸ್ಕೂಲ್ ಆಫ್ ಮ್ಯೂಸಿಕ್ ಶತಮಾನವನ್ನು ದಾಟಿದೆ. ಗಿಟಾರಿನ ಕಥೆ ಬೇರೆ. ಬಂಗಾಳಿಗಳ ಮನೆಗಳಲ್ಲಿ ಬಹುಕಾಲ ಮೆರೆದದ್ದು ತೊಡೆಯ ಮೇಲೆ ಅಡ್ಡಲಾಗಿ ಇಟ್ಟು, ಉಕ್ಕಿನ ತುಂಡನ್ನು ತಂತಿಯ ಮೇಲೆ ಜಾರಿಸಿ ನುಡಿಸುವ ಹವಾಯಿ ಗಿಟಾರ್. ನಜ್ರುಲ್ ಇಸ್ಲಾಂ ಅವರ ಪುತ್ರ ಕಾಜಿ ಅನಿರುದ್ಧ, ಬಟುಕ್ ನಂದಿ, ಸುನಿಲ್ ಗಂಗೂಲಿ ಮೊದಲಾದವರು ಅದರಲ್ಲಿ ಹಾಡುಗಳನ್ನೇ ನುಡಿಸಿ ಜನಪ್ರಿಯರಾದರು. ಇಂದಿನ ಮಕ್ಕಳು ಕಲಿಯುವುದು ಹೆಚ್ಚಾಗಿ ಎದೆಗೊತ್ತಿ ಹಿಡಿಯುವ ಸ್ಪ್ಯಾನಿಷ್ ಗಿಟಾರನ್ನು.

“ನಮ್ಮ ಸಂಗೀತವನ್ನು ಬಿಟ್ಟು ಇದೇಕೆ?” ಎಂದು ಸಂಘದ ಹಿರಿಯರು ಕೇಳುವುದುಂಟು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಮೈಸೂರಿನ ಜಯಚಾಮರಾಜ ಒಡೆಯರನ್ನು ನೆನೆಯಬೇಕು. ಪಿಯಾನೋ ವಾದಕರಾಗಬೇಕೆಂಬುದು ಅವರ ಎಳೆಯ ವಯಸ್ಸಿನ ಹಂಬಲ; 1940ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿಗೇ ಪಟ್ಟವೇರಬೇಕಾಗಿ ಬಂದು ಅದು ಕೈಗೂಡಲಿಲ್ಲ. ಆದರೂ ಲಂಡನ್ನಿನಲ್ಲಿ ಬಡತನ, ಅನಾರೋಗ್ಯಗಳಿಂದ ಬಳಲುತ್ತಿದ್ದ ರಷ್ಯಾದ ಸ್ವರಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನು ಅವರಿಂದಲೇ ಧ್ವನಿಮುದ್ರಿಸಲು ಹಣವೊದಗಿಸಿದರು. 1951ರಲ್ಲಿ ತೀರಿಕೊಂಡ ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕನ್ಚೆರ್ಟೊವನ್ನು ಮಹಾರಾಜರಿಗೇ ಅರ್ಪಿಸಿದ್ದಾರೆ. ಇದೇ ದೊರೆ ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದರು. ಒಂದು ವಿದ್ಯೆ ಇನ್ನೊಂದನ್ನು ಮನೆಯಿಂದ ಹೊರಗಟ್ಟಲಿಲ್ಲ.

ಇನ್ನು ವಾದ್ಯಗಳ ವಿಚಾರ. ಪಿಯಾನೋ ನುಡಿಸುವ ಮಗು ತನ್ನ ವಾದ್ಯವನ್ನು ಹೊತ್ತು ತರುವಂತಿಲ್ಲ. ಮನೆಯಲ್ಲಿ ವಿದ್ಯುತ್ ಕೀಬೋರ್ಡಿನ ಮೇಲೆ ಅಭ್ಯಾಸ ಮಾಡಿ, ಸಭಾಂಗಣದಲ್ಲಿ 88 ಕೀಗಳೂ ಸುಮಾರು 230 ತಂತಿಗಳೂ ಉಳ್ಳ ದೊಡ್ಡ ಪಿಯಾನೋದ ಮುಂದೆ ಕುಳಿತಾಗ ಕೀಗಳ ಭಾರವೇ ಬೇರೆಯಾಗಿರುತ್ತದೆ. ಹಿಂದಿನ ದಿನ ಐದು ನಿಮಿಷವಾದರೂ ಆ ಪಿಯಾನೋವನ್ನು ಮುಟ್ಟಿ ನೋಡಲು ಅವಕಾಶ ಕೇಳುವುದು ಒಳಿತು. ಅದರ ಮೇಲೆ ಇಲ್ಲಿನ ಹವೆ! ಮಳೆಗಾಲದ ತೇವಕ್ಕೆ ಮರ ಉಬ್ಬಿ ಕೀಗಳು ಅಂಟಿಕೊಳ್ಳುತ್ತವೆಂದು ಪಿಯಾನೋದೊಳಗೆ ಸಣ್ಣ ವಿದ್ಯುದ್ದೀಪವನ್ನು ಉರಿಸಿಡುವ ಹಳೆಯ ರೂಢಿಯೊಂದಿದೆ. ಗಿಟಾರಿನವನಿಗೆ ಸ್ವಂತ ವಾದ್ಯವೇನೋ ಉಂಟು. ಆದರೆ ಹೊರಗಿನ ಸೆಕೆಯಿಂದ ಹವಾನಿಯಂತ್ರಿತ ಸಭಾಂಗಣಕ್ಕೆ ಬಂದೊಡನೆ ಶ್ರುತಿ ಕದಲುತ್ತದೆ. ಹತ್ತು ನಿಮಿಷ ಮೊದಲೇ ಒಳಗೆ ತಂದಿಟ್ಟು, ಆಮೇಲೆ ಶ್ರುತಿ ಮಾಡಿಕೊಳ್ಳಬೇಕು.

ಈ ಸಂಚಿಕೆಯಲ್ಲಿ ಆರೋಗ್ಯ ಲೇಖನಗಳಿಗೆ ಸ್ಥಾನವಿರುವುದರಿಂದ ಸಭಾಕಂಪದ ಬಗ್ಗೆಯೂ ಹೇಳಬೇಕು. ಭಯವಾದಾಗ ದೇಹದಲ್ಲಿ ಅಡ್ರಿನಲಿನ್ ಏರಿ ಎದೆಬಡಿತ ಹೆಚ್ಚುತ್ತದೆ, ಚರ್ಮದ ರಕ್ತನಾಳಗಳು ಕುಗ್ಗಿ ಬೆರಳುಗಳು ತಣ್ಣಗಾಗುತ್ತವೆ, ಅಂಗೈ ಬೆವರುತ್ತದೆ. ಬೆರಳಿನಿಂದಲೇ ಬಾಳುವ ವಿದ್ಯೆಗೆ ಇದಕ್ಕಿಂತ ದೊಡ್ಡ ಶತ್ರು ಬೇಕೇ? ಇದು ಹೇಡಿತನವಲ್ಲ, ಶರೀರಧರ್ಮ. ಬೆಚ್ಚನೆಯ ನೀರಿನಲ್ಲಿ ಕೈ ತೊಳೆಯುವುದು, ಉಸಿರನ್ನು ನಿಧಾನವಾಗಿ ಹೊರಬಿಡುವುದು, ಹಸಿದ ಹೊಟ್ಟೆಯಲ್ಲಿ ಹೋಗದಿರುವುದು, ಮುಂಚಿತವಾಗಿ ನೆಂಟರಿಷ್ಟರ ಎದುರು ಎರಡು ಮೂರು ಬಾರಿ ನುಡಿಸುವುದು—ಇವು ಸಹಾಯಕ. ಕೆಲವು ವೃತ್ತಿಪರರು ಎದೆಬಡಿತ ತಗ್ಗಿಸುವ ಮಾತ್ರೆ ಸೇವಿಸುವುದುಂಟೆಂದು ಕೇಳಿ, ವೈದ್ಯರನ್ನು ಕಾಣದೆ ಮಕ್ಕಳಿಗೆ ಅದನ್ನು ಕೊಡುವ ಸಾಹಸಕ್ಕೆ ಯಾರೂ ಹೋಗಬಾರದು. ಆಸ್ತಮಾ ಇರುವವರಿಗಂತೂ ಅದು ಅಪಾಯಕಾರಿ. ಅಭ್ಯಾಸದಲ್ಲಿ ಮಣಿಕಟ್ಟು ನೋಯತೊಡಗಿದರೆ ಅಲ್ಲಿಗೇ ನಿಲ್ಲಿಸಬೇಕು. ನೋವಿನ ಮೇಲೆ ಸಾಧನೆ ಮಾಡಿಸುವುದನ್ನು ನಾನು ಒಪ್ಪಲಾರೆ.

ಮಕ್ಕಳ ಭಯಕ್ಕಿಂತ ನನ್ನನ್ನು ಹೆಚ್ಚು ಚಿಂತೆಗೀಡುಮಾಡುವುದು ನಮ್ಮ ಲೆಕ್ಕಾಚಾರ. ಟ್ರಿನಿಟಿ ಕಾಲೇಜು, ರಾಯಲ್ ಶಾಲೆಗಳ ಅಸೋಸಿಯೇಟೆಡ್ ಬೋರ್ಡ್—ಈ ಲಂಡನ್ ಸಂಸ್ಥೆಗಳ ಪರೀಕ್ಷೆಗಳಲ್ಲಿ ಎಂಟು ಗ್ರೇಡುಗಳಿವೆ. ಯಾರ ಮಗು ಯಾವ ಗ್ರೇಡು, ಅಂಕವೆಷ್ಟು ಎಂದು ವಿರಾಮದಲ್ಲಿ ಚಹಾದೊಡನೆ ವಿಚಾರಣೆ ನಡೆಯುತ್ತದೆ. ದಿನವೆಲ್ಲ ಅಂಕಿಗಳ ನಡುವೆ ಬದುಕುವ ಬ್ಯಾಂಕಿನವನಾದ ನನಗೇ ಅದು ಬೇಸರ ತರಿಸುತ್ತದೆ. ಪರೀಕ್ಷೆಯ ಕೊಠಡಿಯಲ್ಲಿ ಕೇಳುವವನು ಅಂಕ ಹಾಕಲು ಕೇಳುತ್ತಾನೆ. ವಾದನಕ್ಕೆ ಬಂದವರು ಸಂಗೀತಕ್ಕಾಗಿ ಕೇಳಬೇಕು. ಈ ಭೇದ ಮಗುವಿಗೆ ಅನುಭವಕ್ಕೆ ಬರದಿದ್ದರೆ, ಹತ್ತನೆಯ ತರಗತಿ ಬಂದೊಡನೆ ಪಿಯಾನೋದ ಮುಚ್ಚಳ ಮುಚ್ಚುತ್ತದೆ, ಗಿಟಾರ್ ಕಪಾಟಿನ ಮೇಲೇರುತ್ತದೆ. ಕಾರ್ಯಕ್ರಮ ಪಟ್ಟಿಯನ್ನೇ ನೋಡಿ: ಎಂಟು, ಹತ್ತು ವರ್ಷದವರು ತುಂಬಿರುತ್ತಾರೆ, ಹದಿನೇಳರವರು ಬೆರಳೆಣಿಕೆಯಷ್ಟು.

ಮುಂದಿನ ವಾದನಕ್ಕೆ ಹೋದಾಗ ತಮ್ಮ ಮಗುವಿನ ಸರದಿ ಮುಗಿದೊಡನೆ ಎದ್ದುಹೋಗದೆ ಕೊನೆಯವರೆಗೂ ಕುಳಿತಿರಬೇಕೆಂದು ಬಂಧುಗಳಲ್ಲಿ ವಿನಂತಿ. ದೊಡ್ಡ ಮಕ್ಕಳು ನುಡಿಸುವುದು ಕೊನೆಗೇ. ಗಿಟಾರಿನ ನಾದ ಬಹು ಮೆಲು. ಕುರ್ಚಿಯ ಸದ್ದು ಕೂಡ ಅದನ್ನು ನುಂಗಿಬಿಡುತ್ತದೆ. ಮನೆಗೆ ಬರುವ ದಾರಿಯಲ್ಲಿ ಎಲ್ಲಿ ತಪ್ಪಿತೆಂದು ಕೇಳಬೇಡಿ. ಅದು ಮಗುವಿಗೆ ಗೊತ್ತಿರುತ್ತದೆ. ಯಾವ ಭಾಗ ನಿಮಗೆ ಹಿಡಿಸಿತೆಂದು ಹೇಳಿ.