ತಿಮ್ಮಕ್ಕನ ಜೊತೆ ನೀರು ಹೊತ್ತ ಚಿಕ್ಕಯ್ಯ

ಮಂಗಳೂರಿನಿಂದ ಬೆಂಗಳೂರಿಗೆ ಹೋಗಿ ಬರುವ ನಮ್ಮವರಿಗೆ ಕುಣಿಗಲ್, ಸೋಲೂರು, ನೆಲಮಂಗಲ ಪರಿಚಿತ ಹೆಸರುಗಳು. ಆ ಹೆದ್ದಾರಿಯಿಂದ ಒಳಗೆ ಹೋದರೆ ಮಾಗಡಿ ತಾಲೂಕಿನ ಕುದೂರು, ಅದರ ಹತ್ತಿರ ಹುಲಿಕಲ್. ಚಿಕ್ಕಯ್ಯ ತೀರಿಕೊಂಡ 1991ರಲ್ಲಿ ಇದು ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿತ್ತು. ಈ ಎರಡು ಊರುಗಳ ನಡುವೆ ನಾಲ್ಕು ಕಿಲೋಮೀಟರಿನಷ್ಟು ದೂರ ರಸ್ತೆಯ ಬದಿಯಲ್ಲಿ ಆಲದ ಮರಗಳು ಸಾಲಾಗಿ ನಿಂತಿವೆ. ಲೆಕ್ಕ 384 ಎನ್ನುತ್ತಾರೆ.

ಸಾಲುಮರದ ತಿಮ್ಮಕ್ಕ ಯಾರೆಂದು ಶಾಲೆಯ ಮಕ್ಕಳಿಗೂ ಗೊತ್ತು. 2019ರಲ್ಲಿ ಪದ್ಮಶ್ರೀ ಸ್ವೀಕರಿಸುವಾಗ ರಾಷ್ಟ್ರಪತಿಯವರ ಹಣೆ ಮುಟ್ಟಿ ಹರಸಿದ ಅಜ್ಜಿ ಅವರು. 2025ರ ನವೆಂಬರ್ 14ರಂದು, 114ನೇ ವಯಸ್ಸಿನಲ್ಲಿ ತೀರಿಕೊಂಡರು. ಆದರೆ ಆ ಮರಗಳನ್ನು ನೆಟ್ಟದ್ದು ಅವರೊಬ್ಬರೇ ಅಲ್ಲ. ಪಕ್ಕದಲ್ಲಿ ಗಂಡ ಚಿಕ್ಕಯ್ಯ ಇದ್ದರು. ಮಾತು ತೊದಲುತ್ತಿದ್ದುದರಿಂದ ಊರಿನವರು ಅವರನ್ನು ಬಿಕ್ಕಲು ಚಿಕ್ಕಯ್ಯ ಎನ್ನುತ್ತಿದ್ದರು. ಪ್ರಶಸ್ತಿಗಳು ಬರುವ ಹೊತ್ತಿಗೆ ಅವರು ಇರಲಿಲ್ಲ.

ಚಿಕ್ಕಯ್ಯ ನಮ್ಮ ಜಮಾಅತಿನವರಲ್ಲ. ಆದರೂ ಈ ಪುಟದಲ್ಲಿ ಅವರನ್ನು ನೆನೆಯಲು ಕಾರಣ ಇದೆ.

ಗಂಡ ಹೆಂಡತಿ ಇಬ್ಬರೂ ಕೂಲಿ ಮಾಡಿ ಬದುಕುವವರು. ತಿಮ್ಮಕ್ಕ ಕಲ್ಲುಕೋರೆಯಲ್ಲೂ ದುಡಿದವರು. ಮದುವೆಯಾಗಿ ವರ್ಷಗಳು ಉರುಳಿದರೂ ಮಕ್ಕಳಾಗಲಿಲ್ಲ. ಹಳ್ಳಿಯಲ್ಲಿ ಬಂಜೆ ಎನ್ನುವ ಮಾತು ಹೆಣ್ಣಿಗೆ ಎಷ್ಟು ಚುಚ್ಚುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ. ಆ ದುಃಖದಲ್ಲಿ ಇಬ್ಬರೂ ಸೇರಿ ಆಲದ ಸಸಿ ನೆಡತೊಡಗಿದರು. ಮೊದಲ ವರ್ಷ 10, ಎರಡನೇ ವರ್ಷ 15, ಮೂರನೇ ವರ್ಷ 20. ಮಳೆಗಾಲದಲ್ಲಿ ನೆಟ್ಟರೆ ಬೇರು ಹಿಡಿಯುತ್ತದೆ, ಆದರೆ ಬೇಸಿಗೆ ದಾಟಿಸಬೇಕಲ್ಲ? ಕೊಡದಲ್ಲಿ ನೀರು ಹೊತ್ತು ಕಿಲೋಮೀಟರುಗಟ್ಟಲೆ ನಡೆದು ಹಾಕಿದರು. ದನಕರು ತಿನ್ನದಂತೆ ಮುಳ್ಳಿನ ಬೇಲಿ ಕಟ್ಟಿದರು. ಒಂದೆರಡು ದಿನ ಅಲ್ಲ, ವರ್ಷಗಟ್ಟಲೆ.

ಇಲ್ಲಿ ಗಂಡಸಿನ ಕೆಲಸ ಏನೆಂದು ನೋಡಿ. ಮಕ್ಕಳಾಗದ ಕೊರತೆಯನ್ನು ಚಿಕ್ಕಯ್ಯ ಹೆಂಡತಿಯ ತಲೆಗೆ ಕಟ್ಟಿ ದೂರ ನಿಲ್ಲಲಿಲ್ಲ. ಇದು ನಮ್ಮಿಬ್ಬರ ದುಃಖ ಎಂದು ತಾನೂ ಕೊಡ ಎತ್ತಿಕೊಂಡರು. ಕೊನೆಯವರೆಗೂ ಜೊತೆಯಲ್ಲೇ ಬಾಳಿದರು. ಮನೆ ತುಂಬ ಮಕ್ಕಳಿದ್ದವರನ್ನು ಮಾತ್ರ ಕುಟುಂಬವತ್ಸಲ ಎಂದು ಹೊಗಳುವುದು ನಮಗೆ ರೂಢಿ. ಇಬ್ಬರೇ ಇದ್ದ ಮನೆಯನ್ನು ಉಳಿಸಿಕೊಂಡ ಚಿಕ್ಕಯ್ಯನೂ ಆ ಮಾತಿಗೆ ಅರ್ಹರು.

ಈಗ ನಮ್ಮ ಮನೆಗಳ ಕಡೆ ಬರೋಣ. ನಿಕಾಹ್ ಆಗಿ ಆರು ತಿಂಗಳಾಗುವಷ್ಟರಲ್ಲಿ ಶುರು: "ಎಂಥ, ವಿಶೇಷ ಏನಾದ್ರೂ ಉಂಟಾ?" ಎರಡು ವರ್ಷ ಆದರೆ, "ಅವಳನ್ನು ಡಾಕ್ಟ್ರಿಗೆ ತೋರಿಸಿದ್ದೀರಾ?" ಅವಳನ್ನು! ಮಗನನ್ನೂ ತೋರಿಸಬೇಕು ಎಂದು ಹೇಳುವವರು ಕಡಿಮೆ. ಮದುವೆ ಮನೆಗೆ, ತೊಟ್ಟಿಲ ಕಾರ್ಯಕ್ಕೆ ಹೋಗಲು ಹೆದರುವ ಹೆಣ್ಣುಮಕ್ಕಳು ನಮ್ಮಲ್ಲೂ ಇದ್ದಾರೆ. ಗಂಡ ಗಲ್ಫಿನಲ್ಲಿದ್ದರೆ ಆ ಮಾತುಗಳನ್ನೆಲ್ಲ ಅವಳು ಒಬ್ಬಳೇ ಕೇಳಬೇಕು. ಕೆಲವು ಮನೆಗಳಲ್ಲಿ ಮಾತು ತಲಾಖ್‌ವರೆಗೂ ಹೋಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದಂತೆ, ಜಗತ್ತಿನಲ್ಲಿ ಸುಮಾರು 6 ಮಂದಿಯಲ್ಲಿ ಒಬ್ಬರು ಬದುಕಿನ ಯಾವುದಾದರೂ ಹಂತದಲ್ಲಿ ಮಕ್ಕಳಾಗದ ತೊಂದರೆ ಅನುಭವಿಸುತ್ತಾರೆ. ಕಾರಣ ಹೆಣ್ಣಿನಲ್ಲಿರಬಹುದು, ಗಂಡಿನಲ್ಲಿರಬಹುದು, ಇಬ್ಬರಲ್ಲೂ ಇರಬಹುದು. ಕೆಲವೊಮ್ಮೆ ಕಾರಣ ಗೊತ್ತಾಗದೆಯೂ ಇರಬಹುದು. ಪರೀಕ್ಷೆ ಇಬ್ಬರಿಗೂ ಬೇಕು. ಗಂಡಸಿನ ಪರೀಕ್ಷೆಯೇ ಸುಲಭದ್ದು, ಆದರೆ ಅದಕ್ಕೆ ಒಪ್ಪಿಸುವುದೇ ಕಷ್ಟದ್ದು.

ದೀನಿನ ಮಾತೂ ಇದಕ್ಕೆ ಬೇರೆಯಲ್ಲ. ಕೆಲವರಿಗೆ ಹೆಣ್ಣು, ಕೆಲವರಿಗೆ ಗಂಡು, ಕೆಲವರಿಗೆ ಎರಡೂ, ಕೆಲವರಿಗೆ ಯಾವುದೂ ಇಲ್ಲದಿರುವುದು ಅಲ್ಲಾಹನ ಇಚ್ಛೆ ಎಂದು ಸೂರಃ ಶೂರಾ ತಿಳಿಸುತ್ತದೆ. ಝಕರಿಯ್ಯಾ ನಬಿ (ಅ.ಸ.) ಮುಪ್ಪಿನವರೆಗೂ ಮಗುವಿಗಾಗಿ ದುಆ ಮಾಡಿದವರು. ಆಯಿಶಾ (ರ.) ಅವರಿಗೆ ಮಕ್ಕಳಿರಲಿಲ್ಲ. ಆದರೂ ಅವರು ನಮ್ಮೆಲ್ಲರ ಉಮ್ಮ, ಉಮ್ಮುಲ್ ಮೂಮಿನೀನ್. ಪ್ರವಾದಿಯವರ (ಸ.ಅ.) ಮನೆಯಲ್ಲಿ ಅವರ ಸ್ಥಾನ ಅದರಿಂದ ಒಂದಿಷ್ಟೂ ಕಡಿಮೆಯಾಗಲಿಲ್ಲ. ಮನೆಯವರ ಪಾಲಿಗೆ ಒಳ್ಳೆಯವನಾದವನೇ ನಿಮ್ಮಲ್ಲಿ ಉತ್ತಮ ಎಂಬರ್ಥದ ಹದೀಸನ್ನು ಖುತ್ಬಾಗಳಲ್ಲಿ ಎಷ್ಟು ಸಲ ಕೇಳಿಲ್ಲ? ಒಬ್ಬ ಮುಸ್ಲಿಮ್ ಗಿಡ ನೆಟ್ಟು, ಅದರಿಂದ ಮನುಷ್ಯನೋ ಹಕ್ಕಿಯೋ ಪ್ರಾಣಿಯೋ ತಿಂದರೆ ಅದು ಸದಖಾ ಎಂಬ ಹದೀಸ್ ಮದ್ರಸದ ಮಕ್ಕಳಿಗೂ ಬಾಯಿಪಾಠ. ನಾವು ಕಲಿತ ಪಾಠವನ್ನು ಅಕ್ಷರ ಕಲಿಯದ ಹಳ್ಳಿಯ ದಂಪತಿ ರಸ್ತೆ ಬದಿಯಲ್ಲಿ ಮಾಡಿ ತೋರಿಸಿದರು.

ಚಿಕ್ಕಯ್ಯ ಹೋದ ಮೇಲೆ ತಿಮ್ಮಕ್ಕ 34 ವರ್ಷ ಬದುಕಿದರು. ಸಾಕುಮಗ ಅವರನ್ನು ನೋಡಿಕೊಂಡರು. 2019ರಲ್ಲಿ ಬಾಗೇಪಲ್ಲಿ–ಹಲಗೂರು ರಸ್ತೆ ಅಗಲ ಮಾಡುವ ಯೋಜನೆಯಿಂದ ಮರಗಳಿಗೆ ಕುತ್ತು ಬಂದಾಗ, ಶತಾಯುಷಿ ತಿಮ್ಮಕ್ಕ ಅಂದಿನ ಮುಖ್ಯಮಂತ್ರಿ ಕುಮಾರಸ್ವಾಮಿಯವರಲ್ಲಿ ಮರ ಉಳಿಸಿಕೊಡಿ ಎಂದು ಕೇಳಿದರು. ಗಂಡನ ಜೊತೆ ಬೆಳೆಸಿದ ಮಕ್ಕಳಲ್ಲವೇ?

ನಮ್ಮ ಕುಟುಂಬದಲ್ಲೂ ಮಕ್ಕಳಿಲ್ಲದ ಒಂದು ಜೋಡಿ ಇದ್ದೇ ಇರುತ್ತದೆ. ಮುಂದಿನ ಸಲ ಅವರ ಮನೆಗೆ ಹೋದಾಗ "ವಿಶೇಷ" ಕೇಳಬೇಡಿ. ಚಾ ಕುಡಿಯಿರಿ, ಸುಖದುಃಖ ಮಾತಾಡಿ, ಅವರು ಕೇಳಿಕೊಂಡರೆ ದುಆ ಮಾಡಿ. ಅಂಥ ಮನೆಯ ಮಗನಾಗಿದ್ದರೆ, ಉಮ್ಮನ ಮುಂದೆ ಒಂದು ಸಲ ಬಾಯಿಬಿಟ್ಟು ಹೇಳಿ: "ಅವಳನ್ನು ಮಾತ್ರ ಕೇಳ್ಬೇಡಿ ಉಮ್ಮ, ಇದು ನಮ್ಮಿಬ್ಬರದ್ದು." ಮಾತೇ ಸರಿಯಾಗಿ ಹೊರಡದ ಚಿಕ್ಕಯ್ಯ ಅದನ್ನು ಹೆಗಲ ಮೇಲಿನ ಕೊಡದಲ್ಲಿ ಹೇಳಿದ್ದರು.