ಗೋಧಿ ಒಗ್ಗದ ಕರುಳು

ಹುನಗುಂದದ ಎರೆಭೂಮಿ ಹಿಂಗಾರಿ ಜೋಳಕ್ಕೆ ಹೆಸರಾದುದು. ಬಾದಾಮಿ, ಬಾಗಲಕೋಟೆ, ಇಳಕಲ್ಲಿನ ಮನೆಗಳಲ್ಲಿ ರೊಟ್ಟಿ ಬಡಿಯುವ ಸಪ್ಪಳ ಇನ್ನೂ ನಿಂತಿಲ್ಲ. ಇಂತಹ ಜೋಳದ ನಾಡಿನಲ್ಲಿ ಗೋಧಿಯಿಂದ ಉಂಟಾಗುವ ರೋಗವೊಂದನ್ನು ಕುರಿತು ಬರೆಯುವುದು ಅನಗತ್ಯವೆಂದು ಕೆಲವು ಸದ್ಭಕ್ತರಿಗೆ ತೋರಬಹುದು. ಆದರೆ ಅಪರೂಪದ ರೋಗಕ್ಕೆ ಇರುವ ದೊಡ್ಡ ಅಪಾಯವೇ ಅದು: ಯಾರೂ ಅದನ್ನು ನೆನೆಯುವುದಿಲ್ಲ. ಹೊಟ್ಟೆ ಉಬ್ಬಿ, ಕೈಕಾಲು ಬಡಕಲಾಗಿ, ಮತ್ತೆ ಮತ್ತೆ ಭೇದಿಯಾಗುವ ಮಗುವಿಗೆ ಜಂತುಹುಳುವಿನ ಔಷಧಿ ಕೊಡುತ್ತೇವೆ, ದೃಷ್ಟಿ ತೆಗೆಯುತ್ತೇವೆ, ತಾಯಿತ ಕಟ್ಟಿಸುತ್ತೇವೆ. ಅದರೊಡನೆ ಮಗು ಸೊರಗಿದೆಯಲ್ಲಾ ಎಂಬ ಕಳಕಳಿಯಿಂದ ಚಹಾದಲ್ಲಿ ಅದ್ದಿದ ಬಿಸ್ಕತ್ತು, ಬ್ರೆಡ್ಡು, ರವೆಯ ಗಂಜಿ, ಮಾಲ್ಟಿನ ಪೇಯ ಇವನ್ನೇ ತಿನ್ನಿಸುತ್ತೇವೆ. ಸೀಲಿಯಾಕ್ ರೋಗವಿರುವ ಮಗುವಿಗೆ ಈ ಪಥ್ಯವೇ ವಿಷವಾಗುತ್ತದೆ.

ಈ ರೋಗದ ಮೂಲದಲ್ಲಿರುವುದು ಗ್ಲುಟೆನ್ ಎಂಬ ಪ್ರೋಟೀನು. ಅದನ್ನು ನಮ್ಮ ತಾಯಂದಿರು ಹೆಸರು ತಿಳಿಯದೆಯೇ ಬಲ್ಲರು. ಹೋಳಿಗೆಯ ಕಣಕವನ್ನು ನಾದಿ ನೆನೆಯಿಟ್ಟರೆ ಎಳೆದಷ್ಟೂ ಹಿಗ್ಗುತ್ತದೆ. ಆ ಹಿಗ್ಗು ಗ್ಲುಟೆನ್ನಿನದು. ಗೋಧಿ ಹಿಟ್ಟಿನ ಉಂಡೆಯನ್ನು ನೀರಿನಲ್ಲಿ ಹಿಸುಕಿ ತೊಳೆಯುತ್ತ ಹೋದರೆ ಪಿಷ್ಟವೆಲ್ಲ ಹರಿದುಹೋಗಿ ಕೊನೆಗೆ ರಬ್ಬರಿನಂತಹ ಜಿಗುಟು ಮುದ್ದೆ ಕೈಯಲ್ಲಿ ಉಳಿಯುತ್ತದೆ. ಜೋಳದ ಹಿಟ್ಟಿನಲ್ಲಿ ಅದು ಇಲ್ಲ. ಇಲ್ಲದ್ದರಿಂದಲೇ ಕುದಿಯುವ ಎಸರು ಹಾಕಿ ಜಿಗಿ ತರಬೇಕು, ಲಟ್ಟಿಸುವ ಬದಲು ತಟ್ಟಬೇಕು. ಗೋಧಿಯಲ್ಲಿರುವಂತೆ ಬಾರ್ಲಿಯಲ್ಲಿಯೂ, ನಮ್ಮಲ್ಲಿ ಬೆಳೆಯದ ರೈ ಎಂಬ ಧಾನ್ಯದಲ್ಲಿಯೂ ಇದೇ ಬಗೆಯ ಪ್ರೋಟೀನುಗಳಿವೆ.

ಸಣ್ಣಕರುಳಿನ ಒಳಮೈ ನುಣುಪಾಗಿರುವುದಿಲ್ಲ. ಕಂಬಳಿಯ ಮೇಲೆ ಉಣ್ಣೆಯ ಎಳೆಗಳು ಎದ್ದು ನಿಂತಂತೆ ಅಲ್ಲಿ ಅಸಂಖ್ಯ ಸೂಕ್ಷ್ಮ ಎಳೆಗಳಿವೆ. ವೈದ್ಯರು ಅವನ್ನು ವಿಲ್ಲೈ ಎನ್ನುತ್ತಾರೆ. ಉಂಡ ಅನ್ನದ ಸಾರವನ್ನು ರಕ್ತಕ್ಕೆ ಹೀರಿಕೊಡುವ ಕಾಯಕ ಅವುಗಳದು. ಸೀಲಿಯಾಕ್ ರೋಗಿಯಲ್ಲಿ ಗ್ಲುಟೆನ್ನಿನ ಪೂರ್ತಿ ಜೀರ್ಣವಾಗದ ತುಣುಕುಗಳನ್ನು ಶರೀರದ ರಕ್ಷಣಾ ವ್ಯವಸ್ಥೆ ವೈರಿಯೆಂದು ಭಾವಿಸಿ ಕಾದಾಟಕ್ಕೆ ಇಳಿಯುತ್ತದೆ. ಆ ಕಾದಾಟದಲ್ಲಿ ನಾಶವಾಗುವುದು ಮಾತ್ರ ತನ್ನದೇ ಕರುಳು. ಎಳೆಗಳು ಸವೆದು, ಹಳೆಯ ಕಂಬಳಿ ಬೋಳಾದಂತೆ ಕರುಳು ಚಪ್ಪಟೆಯಾಗುತ್ತದೆ. ಹೊಟ್ಟೆ ತುಂಬ ಉಂಡರೂ ಕಬ್ಬಿಣ, ಸುಣ್ಣದ ಅಂಶ, ಫೋಲಿಕ್ ಆಮ್ಲ ಯಾವುದೂ ಮೈಗೆ ಹತ್ತುವುದಿಲ್ಲ.

ಆದುದರಿಂದ ಭೇದಿಯೊಂದೇ ಇದರ ಲಕ್ಷಣವಲ್ಲ. ವರ್ಷಗಟ್ಟಲೆ ಕಬ್ಬಿಣದ ಗುಳಿಗೆ ನುಂಗಿದರೂ ಏರದ ರಕ್ತ, ವಯಸ್ಸಿಗೆ ತಕ್ಕ ಎತ್ತರ ಬಾರದ ಹುಡುಗ, ತಡವಾಗಿ ಋತುಮತಿಯಾಗುವ ಹುಡುಗಿ, ಪದೇ ಪದೇ ಆಗುವ ಗರ್ಭಪಾತ, ಸಣ್ಣ ಪೆಟ್ಟಿಗೇ ಮುರಿಯುವ ಎಲುಬು, ಮೊಣಕೈ ಮೊಣಕಾಲಿನ ಮೇಲೆ ತುರಿಕೆಯ ಗುಳ್ಳೆ, ವಾಸಿಯಾಗದ ಬಾಯಿಹುಣ್ಣು ಇವುಗಳ ಹಿಂದೆಯೂ ಈ ರೋಗ ಅಡಗಿರಬಹುದು. ಎಳೆಯ ವಯಸ್ಸಿನಲ್ಲಿ ಇನ್ಸುಲಿನ್ ಬೇಕಾಗುವ ಸಕ್ಕರೆ ಕಾಯಿಲೆ ಮತ್ತು ಥೈರಾಯ್ಡ್ ತೊಂದರೆ ಇರುವವರಲ್ಲಿ ಇದರ ಸಂಭವ ಹೆಚ್ಚು.

ಇತಿಹಾಸದ ಒಂದು ಪುಟವನ್ನು ಇಲ್ಲಿ ತೆರೆಯಬೇಕು. 1888ರಲ್ಲಿ ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ ಈ ರೋಗವನ್ನು ವಿವರವಾಗಿ ವರ್ಣಿಸಿ, ಗುಣವಾಗುವುದಾದರೆ ಅದು ಆಹಾರದಿಂದಲೇ ಎಂದು ಅಭಿಪ್ರಾಯಪಟ್ಟನು. ಯಾವ ಆಹಾರ ಎಂಬುದು ಅವನಿಗೆ ತಿಳಿದಿರಲಿಲ್ಲ. 1924ರಲ್ಲಿ ನ್ಯೂಯಾರ್ಕಿನ ಸಿಡ್ನಿ ಹಾಸ್ ಎಂಬ ವೈದ್ಯನು ಬಾಳೆಹಣ್ಣಿನ ಪಥ್ಯವನ್ನು ಸಾರಿದನು. ಮಕ್ಕಳು ಚೇತರಿಸಿಕೊಂಡವು, ಕೀರ್ತಿ ಬಾಳೆಹಣ್ಣಿಗೆ ಸಂದಿತು. ಆ ಪಥ್ಯದಲ್ಲಿ ರೊಟ್ಟಿ ಇರಲಿಲ್ಲವೆಂಬುದನ್ನು ಬಹುಕಾಲ ಯಾರೂ ಗಮನಿಸಲಿಲ್ಲ. (ಮಗು ನಾಲ್ಕು ದಿನ ಅಕ್ಕಿಗಂಜಿಯ ಮೇಲಿದ್ದು ಸುಧಾರಿಸಿದಾಗ ನಾವು ತಾಯಿತಕ್ಕೆ ಕೀರ್ತಿ ಕೊಡುವುದೂ ಇದೇ ರೀತಿಯದು.) ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಂ ಡಿಕೆಗೆ ಮಾತ್ರ ಗೋಧಿಯ ಮೇಲೆ ಮೊದಲಿನಿಂದಲೂ ಸಂಶಯವಿದ್ದಿತು. 1944-45ರ ಚಳಿಗಾಲದಲ್ಲಿ ಯುದ್ಧದಿಂದಾಗಿ ಆ ದೇಶದಲ್ಲಿ ಭೀಕರ ಹಸಿವು ತಲೆದೋರಿ ಬ್ರೆಡ್ಡು ಕಾಣದಾಯಿತು. ಜನರೆಲ್ಲ ಸೊರಗಿದರು, ಆದರೆ ಅವನ ಈ ರೋಗದ ಮಕ್ಕಳು ಚೇತರಿಸಿಕೊಂಡವು. ಬ್ರೆಡ್ಡು ಮರಳಿ ಬಂದಾಗ ರೋಗವೂ ಮರಳಿತು. 1950ರಲ್ಲಿ ಅವನು ತನ್ನ ಪ್ರಬಂಧದಲ್ಲಿ ಗೋಧಿಯ ಪಾತ್ರವನ್ನು ಸ್ಥಾಪಿಸಿದನು.

ನಮ್ಮ ದೇಶದಲ್ಲಿ ಪಂಜಾಬ, ಹರಿಯಾಣಗಳಲ್ಲಿ ಈ ರೋಗ ವೈದ್ಯರಿಗೆ ಚಿರಪರಿಚಿತ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಮೂರು ಪ್ರದೇಶಗಳ 23,331 ವಯಸ್ಕರನ್ನು ಒಳಗೊಂಡಿದ್ದಿತು. ಉತ್ತರದಲ್ಲಿ ನೂರಕ್ಕೆ 1.23, ಈಶಾನ್ಯದಲ್ಲಿ 0.87, ದಕ್ಷಿಣದಲ್ಲಿ 0.10ರಷ್ಟು ಜನರ ರಕ್ತದಲ್ಲಿ ಈ ರೋಗದ ಪ್ರತಿಕಾಯಗಳು ಕಂಡವು. ಅಂದರೆ ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರು. ದಿನಕ್ಕೆ ತಿನ್ನುವ ಗೋಧಿ ಉತ್ತರದಲ್ಲಿ 455 ಗ್ರಾಂ, ಈಶಾನ್ಯದಲ್ಲಿ 37, ದಕ್ಷಿಣದಲ್ಲಿ 25. ರೋಗಕ್ಕೆ ದಾರಿ ಮಾಡುವ ವಂಶವಾಹಿಗಳು ಮಾತ್ರ ಮೂರೂ ಕಡೆ ಹೆಚ್ಚು ಕಡಿಮೆ ಸಮಾನವಾಗಿ, ಸುಮಾರು ಮೂರರಲ್ಲಿ ಒಬ್ಬರಲ್ಲಿ ಇದ್ದವು. ವಂಶವಾಹಿ ಇದ್ದವರಲ್ಲಿ ಬಹುಪಾಲು ಜನರಿಗೆ ರೋಗ ಬರುವುದೇ ಇಲ್ಲ. ಗೋಧಿ ಕಡಿಮೆ ತಿಂದರೆ ರೋಗವೂ ಕಡಿಮೆ ಎಂದು ಇಷ್ಟರಿಂದಲೇ ಹೇಳಿಬಿಡಲಾಗದು. ಈಶಾನ್ಯದ ಅಂಕಿ ಅದಕ್ಕೆ ಅಡ್ಡ ಬರುತ್ತದೆ. ದಕ್ಷಿಣದ ಮಾದರಿ ತಮಿಳುನಾಡಿನದು, ಅನ್ನದ ನಾಡು. ನಮ್ಮ ಜಿಲ್ಲೆಯಲ್ಲಿ ಜೋಳದೊಡನೆ ಚಪಾತಿಯೂ ನಡೆಯುತ್ತದೆ. ಮಕ್ಕಳ ಬುತ್ತಿಯಲ್ಲಿ ರೊಟ್ಟಿಯ ಜಾಗವನ್ನು ಬಿಸ್ಕತ್ತು, ನೂಡಲ್ಸುಗಳು ಹಿಡಿಯುತ್ತಿರುವುದನ್ನು ನಾವೆಲ್ಲ ಕಾಣುತ್ತಿದ್ದೇವೆ. ಆದುದರಿಂದ ನಮ್ಮಲ್ಲಿ ಇಲ್ಲವೇ ಇಲ್ಲವೆಂದು ನಿಶ್ಚಿಂತರಾಗಿರುವಂತಿಲ್ಲ.

ಸಂಶಯ ಬಂದೊಡನೆ ಗೋಧಿ ಬಿಡುವುದು ತಪ್ಪು ಹೆಜ್ಜೆ. ಈ ಮಾತನ್ನು ಒತ್ತಿ ಹೇಳುತ್ತೇವೆ. ಗೋಧಿ ಬಿಟ್ಟ ಮೇಲೆ ರಕ್ತದಲ್ಲಿಯ ಗುರುತುಗಳು ಕ್ರಮೇಣ ಇಳಿದು, ಕರುಳೂ ಮಾಯುತ್ತದೆ; ಆಗ ಪರೀಕ್ಷೆ ರೋಗವಿಲ್ಲವೆಂದು ಹೇಳಬಹುದು. ಎಂದಿನಂತೆ ಉಣ್ಣುತ್ತಲೇ ಮೊದಲು ಟಿಟಿಜಿ-ಐಜಿಎ ಎಂಬ ರಕ್ತಪರೀಕ್ಷೆ ಮಾಡಿಸಬೇಕು. ಅದರಲ್ಲಿ ಸುಳಿವು ಸಿಕ್ಕರೆ ಎಂಡೋಸ್ಕೋಪಿಯ ಮೂಲಕ ಸಣ್ಣಕರುಳಿನ ಚೂರುಗಳನ್ನು ತೆಗೆದು ನೋಡುವ ಬಯಾಪ್ಸಿಯನ್ನು ಉದರರೋಗ ತಜ್ಞರು ಸೂಚಿಸುತ್ತಾರೆ. ನಮ್ಮ ಕಡೆ ಕರುಳಿನ ಕ್ಷಯವೂ ಉಂಟು; ಅದೂ ಹೀಗೆಯೇ ಸೊರಗಿಸುತ್ತದೆ. ಎರಡಕ್ಕೂ ಚಿಕಿತ್ಸೆ ಬೇರೆಯಾದ್ದರಿಂದ ಊಹೆಯ ಮೇಲೆ ನಡೆಯಬಾರದು.

ರೋಗ ಖಚಿತವಾದ ಮೇಲೆ ಔಷಧಿಯಿಲ್ಲ. ಆಜೀವ ಪಥ್ಯವೇ ಔಷಧಿ. ಎಷ್ಟು ಕಟ್ಟುನಿಟ್ಟು ಎಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಕೆಲವು ತಿಂಗಳು ಹೊಟ್ಟೆಗೆ ಹೋದರೂ ಕರುಳಿಗೆ ಹಾನಿಯಾಗಬಲ್ಲುದೆಂದು ಪರೀಕ್ಷೆಗಳು ತೋರಿಸಿವೆ. ಒಂದು ಸಾಧಾರಣ ಚಪಾತಿಯಲ್ಲಿ ಎರಡೂವರೆ ಗ್ರಾಮಿನಷ್ಟು ಗ್ಲುಟೆನ್ ಇರುತ್ತದೆ. ಅಂದರೆ ಚಪಾತಿಯ ಐವತ್ತರಲ್ಲಿ ಒಂದು ಪಾಲು, ಒಂದು ಚೂರು ಸಾಕು. ಪೊಟ್ಟಣದ ಆಹಾರದ ಮೇಲೆ ಗ್ಲುಟೆನ್ ರಹಿತವೆಂದು ಬರೆಯಬೇಕಾದರೆ ಕಿಲೋಗ್ರಾಮಿಗೆ 20 ಮಿಲಿಗ್ರಾಮಿಗಿಂತ ಹೆಚ್ಚು ಇರಕೂಡದೆಂದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವಿದೆ.

ಪೇಟೆಯ ದುಬಾರಿ ಪೊಟ್ಟಣಗಳ ಹಂಗು ನಮಗೆ ಹೆಚ್ಚಾಗಿ ಬೇಕಿಲ್ಲ. ದಿಲ್ಲಿಯ ರೋಗಿಯೊಬ್ಬನು ಹುಡುಕಿ ಕೊಳ್ಳುವ ಧಾನ್ಯ ನಮ್ಮ ಹಗೇವಿನಲ್ಲಿಯೇ ಇದ್ದಿತು. ಜೋಳ, ಸಜ್ಜೆ, ನವಣೆ, ಸಾವೆ, ಬರಗು, ಹಾರಕ, ರಾಗಿ, ಅಕ್ಕಿ, ಗೋವಿನಜೋಳ ಇವುಗಳಲ್ಲಿ ಆ ಪ್ರೋಟೀನು ಇಲ್ಲ. ಕಡಲೆ, ತೊಗರಿ, ಹೆಸರು, ಶೇಂಗಾ, ಎಳ್ಳು, ಹಾಲು, ಮೊಸರು, ಕಾಯಿಪಲ್ಲೆ ಎಲ್ಲವೂ ಸಲ್ಲುತ್ತವೆ. ಮೊದಮೊದಲು ಕೆಲವರಿಗೆ ಹಾಲು ಅರಗದಿದ್ದರೂ ಕರುಳು ಮಾಗಿದಂತೆ ಬಹುತೇಕ ಸರಿಹೋಗುತ್ತದೆ. ಜೋಳದ ನುಚ್ಚು, ಅಂಬಲಿ, ಮುಟಗಿ, ಸಜ್ಜೆರೊಟ್ಟಿ, ನವಣೆಯ ಹುಗ್ಗಿ ಇರುವ ಮನೆಯಲ್ಲಿ ಹಸಿವಿನ ಮಾತೇ ಬಾರದು.

ತೊಂದರೆ ಇರುವುದು ಗಿರಣಿಯಲ್ಲಿ. ಒಬ್ಬರ ಗೋಧಿ ಬೀಸಿದ ಕಲ್ಲಿನಲ್ಲಿಯೇ ಮುಂದಿನವರ ಜೋಳ ಬೀಳುತ್ತದೆ. ಕಲ್ಲಿನ ಸಂದಿನಲ್ಲಿ ಉಳಿದ ಗೋಧಿ ಹಿಟ್ಟು ನಮ್ಮ ಡಬ್ಬಿಗೆ ಬರುತ್ತದೆ. ಜೋಳಕ್ಕೇ ಮೀಸಲಾದ ಯಂತ್ರವಿರುವ ಗಿರಣಿ ಸಿಕ್ಕರೆ ಒಳ್ಳೆಯದು. ಇಲ್ಲವಾದರೆ ಮನೆಯಲ್ಲಿ ಸಣ್ಣ ಗಿರಣಿ ಇಟ್ಟುಕೊಳ್ಳುವುದು, ಅಥವಾ ಮೂಲೆ ಸೇರಿದ ಬೀಸುವ ಕಲ್ಲನ್ನು ಹೊರತೆಗೆಯುವುದು ಲೇಸು. ಅದೂ ಆಗದಿದ್ದರೆ ಗಿರಣಿಯವರಿಗೆ ವಿಷಯ ತಿಳಿಸಿ, ಯಂತ್ರ ಝಾಡಿಸಿದ ಮೇಲೆ ಮುಂಜಾನೆ ಮೊದಲ ಸರದಿ ಪಡೆದು, ಮೊದಲು ಬಿದ್ದ ಕೆಲವು ಸೇರು ಹಿಟ್ಟನ್ನು ದನಗಳಿಗೆ ಹಾಕಬೇಕು. ಇದರಿಂದ ಬೆರಕೆ ಕಡಿಮೆಯಾದೀತು, ಪೂರ್ತಿ ಹೋಗುತ್ತದೆಂಬ ಭರವಸೆಯಿಲ್ಲ. ರಾಶಿಯ ಯಂತ್ರದಲ್ಲಿಯೂ ಕಾಳು ಬೆರೆಯುವುದರಿಂದ ಜೋಳವನ್ನು ಹಸನು ಮಾಡುವಾಗ ಗೋಧಿ ಕಾಳು ಆರಿಸಬೇಕು. ಹಳೆಯ ಹಿಟ್ಟಿನ ರೊಟ್ಟಿ ಹರಿಯುತ್ತದೆಂದು ಒಂದು ಮುಷ್ಟಿ ಗೋಧಿ ಹಿಟ್ಟು ಬೆರೆಸುವ ರೂಢಿ ಕೆಲವರಲ್ಲಿದೆ, ಅದು ಕೂಡದು. ರೋಗಿಯ ಪರಾತ, ಹಂಚು, ಹಿಟ್ಟಿನ ಡಬ್ಬಿ ಬೇರೆಯಿರಲಿ. ಪೂರಿ ಕರಿದ ಎಣ್ಣೆಯಲ್ಲಿ ಅವರ ಹಪ್ಪಳ ಕರಿಯಬಾರದು.

ಇನ್ನೊಂದು ಭ್ರಮೆಯೂ ಹಬ್ಬಿದೆ. ನಮ್ಮಲ್ಲಿ ಸದಕ, ಜವೆ, ಕಪ್ಲಿ ಎಂದು ಕರೆಯುವ ಹಳೆಯ ತಳಿಯ ಗೋಧಿ ಸಕ್ಕರೆ ಕಾಯಿಲೆಯವರಿಗೆ ಹಿತವೆಂದು ಹೆಸರಾಗಿದೆ; ಅದನ್ನೇ ಕೇಳಿ ಈ ರೋಗಿಗಳಿಗೂ ಕೊಡುವವರಿದ್ದಾರೆ. ತಳಿ ಹಳೆಯದಾದರೂ ಅದು ಗೋಧಿಯೇ. ರವೆ, ಮೈದಾ, ಗೋಧಿ ಶಾವಿಗೆ, ಮಾದಲಿ, ಕರ್ಜಿಕಾಯಿ ಎಲ್ಲಕ್ಕೂ ಇದೇ ಮಾತು. ಅಂಗಡಿಯ ಡಬ್ಬಿ ಇಂಗಿನಲ್ಲಿ ಬಹುವೇಳೆ ಮೈದಾ ಬೆರೆತಿರುತ್ತದೆ. ತಂಬಿಟ್ಟು, ತಾಲಿಪಟ್ಟಿಗಳನ್ನು ಯಾವ ಹಿಟ್ಟಿನಿಂದ ಮಾಡಿದ್ದೆಂದು ಕೇಳಬೇಕು. ಅಮೀನಗಡದ ಕರದಂಟಿನಲ್ಲಿ ಅಂಟು, ಬೆಲ್ಲ, ಒಣಹಣ್ಣುಗಳೇ ಪ್ರಧಾನವಾದರೂ ಕೇಳಿಯೇ ಕೊಳ್ಳುವುದು ಮೇಲು. ಅಂಗನವಾಡಿ, ಶಾಲೆಗಳ ಉಪ್ಪಿಟ್ಟಿನ ವಿಷಯವಾಗಿ ಕಾರ್ಯಕರ್ತೆಯರಿಗೂ ಗುರುಗಳಿಗೂ ಮೊದಲೇ ಬರಹದಲ್ಲಿ ತಿಳಿಸಿಡಬೇಕು.

ಇವೆಲ್ಲಕ್ಕಿಂತ ಕಠಿಣವಾದುದು ಮನುಷ್ಯರ ನಡುವಿನ ಪ್ರಸಂಗ. ಮದುವೆಯಾಗಿ ಹೋದ ಹೊಸ ಮನೆಯಲ್ಲಿ ಸೊಸೆಯೊಬ್ಬಳು ಹೋಳಿಗೆ ಒಲ್ಲೆನೆಂದರೆ ಏನಾಗುವುದೆಂದು ಊಹಿಸಿಕೊಳ್ಳಿರಿ. "ಒಂದು ತುತ್ತಿಗೆ ಏನಾಗತೈತಿ, ತಗೋ ತಂಗಿ" ಎಂಬ ಪ್ರೀತಿಯ ಒತ್ತಾಯವನ್ನು ದಿನವೂ ನಿರಾಕರಿಸುವುದು ಸುಲಭವಲ್ಲ. ನಮ್ಮಲ್ಲಿ ಉಣ್ಣದಿರುವುದು ಅವಮಾನ, ಉಣಿಸುವುದು ಅಂತಃಕರಣ. ರೋಗವನ್ನು ಮುಚ್ಚಿಟ್ಟು ಮದುವೆ ಮಾಡಿದರೆ ಆ ಹುಡುಗಿ ಎರಡೂ ಕಡೆ ಸೊರಗುತ್ತಾಳೆ. ಪಥ್ಯ ಪಾಲಿಸಿದರೆ ಆರೋಗ್ಯವಂತಳಾಗಿ ಮಕ್ಕಳ ತಾಯಿಯಾಗಬಲ್ಲಳೆಂದು ಮೊದಲೇ ಬಿಡಿಸಿ ಹೇಳುವುದು ಹಿರಿಯರ ಹೊಣೆ.

ಪ್ರಸಾದದ ಪ್ರಶ್ನೆ ಭಕ್ತರನ್ನು ಇನ್ನೂ ಆಳವಾಗಿ ಕಾಡುತ್ತದೆ. ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಅದನ್ನು ತಳ್ಳುವುದು ಹೇಗೆ? ಮಠದ ಜಾತ್ರೆಯ ದಾಸೋಹವೆಂದರೆ ಗೋಧಿ ಹುಗ್ಗಿಯ ಕೊಪ್ಪರಿಗೆಯೇ ಕಣ್ಣಿಗೆ ಕಟ್ಟುತ್ತದೆ. ಪ್ರಸಾದಕ್ಕೆ ಯಾವ ರೋಗವೂ ತಗಲದೆಂದು ನಂಬಿ ಉಂಡವರ ಶ್ರದ್ಧೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕರುಳಿನ ರಕ್ಷಣಾ ಕಣಗಳು ಮಠದ ಗೋಧಿಯನ್ನೂ ಅಂಗಡಿಯ ಗೋಧಿಯನ್ನೂ ಬೇರೆಯಾಗಿ ಎಣಿಸಲಾರವು. ಕ್ಯಾಥೊಲಿಕ್ ಕ್ರೈಸ್ತರಲ್ಲಿ ಪೂಜೆಯ ರೊಟ್ಟಿ ಗೋಧಿಯದೇ ಆಗಿರಬೇಕೆಂಬ ಕಟ್ಟಳೆ ಇದೆ. ಗ್ಲುಟೆನ್ ಪೂರ್ತಿ ತೆಗೆದ ರೊಟ್ಟಿ ಅಲ್ಲಿ ಸಲ್ಲದು, ತೀರ ಕಡಿಮೆ ಇರುವಂತಹದಕ್ಕೆ ಮಾತ್ರ ಅನುಮತಿ. ಇದನ್ನು 2017ರಲ್ಲಿ ಅವರ ಧರ್ಮಪೀಠ ಮತ್ತೊಮ್ಮೆ ನೆನಪಿಸಿತು. ನಮಗೆ ಅಂತಹ ಇಕ್ಕಟ್ಟಿಲ್ಲ. ಇಂತಹ ಧಾನ್ಯದ್ದೇ ಪ್ರಸಾದವೆಂಬ ನಿಯಮ ಶರಣರ ಮಾರ್ಗದಲ್ಲಿಲ್ಲ. ಅರ್ಪಿತವಾದ ಬಾಳೆಹಣ್ಣು, ಕೊಬ್ಬರಿಯ ಚೂರು, ಕಲ್ಲುಸಕ್ಕರೆಯೂ ಪ್ರಸಾದವೇ. ದಾಸೋಹದ ಸೇವೆಗೆ ನಿಲ್ಲುವ ಭಕ್ತರು ಒಂದು ಚಿಕ್ಕ ಪಾತ್ರೆಯಲ್ಲಿ ನವಣೆಯ ಹುಗ್ಗಿಯನ್ನೋ ಅಕ್ಕಿ ಪಾಯಸವನ್ನೋ ಬೇರೆಯಾಗಿ ಮಾಡಿ, ಅದರ ಸೌಟನ್ನು ಗೋಧಿ ಹುಗ್ಗಿಗೆ ಅದ್ದದೆ, ಇಂತಹವರಿಗೆ ಮೊದಲ ಪಂಕ್ತಿಯಲ್ಲಿಯೇ ಬಡಿಸಬಹುದು. ಹೆಚ್ಚಿನ ಖರ್ಚೂ ಇಲ್ಲ, ಶ್ರಮವೂ ಇಲ್ಲ.

ರೋಗವಿಲ್ಲದವರು ಮಾತ್ರ ಈ ಲೇಖನ ಓದಿ ಗೋಧಿ ಬಿಡಬೇಕಾಗಿಲ್ಲ. ನಗರಗಳಲ್ಲಿ ಈಚೆಗೆ ಅದೊಂದು ಗೀಳಾಗಿದೆ. ನಮಗೆ ಅದು ಒಪ್ಪಿಗೆಯಿಲ್ಲ.

ಪಥ್ಯ ಸರಿಯಾಗಿ ನಡೆದರೆ ಮಕ್ಕಳು ಕೆಲವು ವಾರಗಳಲ್ಲಿಯೇ ಕಳೆಗೂಡುತ್ತಾರೆ. ದೊಡ್ಡವರ ಕರುಳು ಪೂರ್ತಿ ಮಾಗಲು ಎರಡು ವರ್ಷ ಅಥವಾ ಹೆಚ್ಚು ಹಿಡಿಯಬಹುದು. ಲಕ್ಷಣ ಮಾಯವಾದವೆಂದು ಪಥ್ಯ ಬಿಟ್ಟರೆ ಹಾನಿ ಸದ್ದಿಲ್ಲದೆ ಮರಳುತ್ತದೆ. ಆಗಾಗ ಟಿಟಿಜಿ, ಹಿಮೋಗ್ಲೋಬಿನ್, ಡಿ ಮತ್ತು ಬಿ12 ಜೀವಸತ್ವಗಳನ್ನು ಪರೀಕ್ಷಿಸಿಕೊಳ್ಳಬೇಕು. ರೋಗಿಯ ತಂದೆ, ತಾಯಿ, ಒಡಹುಟ್ಟಿದವರು, ಮಕ್ಕಳಲ್ಲಿ ನೂರಕ್ಕೆ 5ರಿಂದ 10 ಜನರಿಗೆ ಈ ರೋಗ ಇರುವ ಸಂಭವವಿದೆ. ಲಕ್ಷಣವಿಲ್ಲದಿದ್ದರೂ ಅವರೆಲ್ಲ ಒಮ್ಮೆ ರಕ್ತಪರೀಕ್ಷೆ ಮಾಡಿಸಿಕೊಳ್ಳಲಿ. ಕೂಡಲಸಂಗಮಕ್ಕೋ ಬನಶಂಕರಿಯ ಜಾತ್ರೆಗೋ ಹೊರಟಾಗ ಮನೆಯ ಖಡಕ್ ರೊಟ್ಟಿ, ಗುರೆಳ್ಳು ಚಟ್ನಿ, ಶೇಂಗಾ ಹಿಂಡಿಯ ಗಂಟನ್ನು ಜೊತೆಗೆ ಒಯ್ಯಬೇಕು. ಬನಶಂಕರಿಯಲ್ಲಿ ಬುಟ್ಟಿ ಹೊತ್ತು ಬರುವ ತಾಯಂದಿರ ಜೋಳದ ರೊಟ್ಟಿ, ಮೊಸರು ಸಿಗುತ್ತವೆ ನಿಜ; ಹಿಟ್ಟು ಯಾವ ಗಿರಣಿಯಲ್ಲಿ ಬೀಸಿದ್ದೆಂದು ಅವರನ್ನೂ ಕೇಳಿಯೇ ಉಣ್ಣಬೇಕು.