ಕೇಪಿನ ಕೋವಿಯ ಗುರಿಪಂದ್ಯ: ಕೊಪ್ಪಳ ಸೀಮೆಯಲ್ಲಿ ಸಂಘವನ್ನು ಕಟ್ಟುವ ಕ್ರಮ

ಕನ್ನಡದಲ್ಲಿ ಕೋವಿಯೆಂಬ ಶಬ್ದಕ್ಕೆ ಕೊಳವೆ, ನಳಿಗೆ ಎಂಬ ಅರ್ಥವುಂಟು. ಮದ್ದಿನಿಂದ ಗುಂಡನ್ನು ಹಾರಿಸುವ ಆಯುಧಕ್ಕೂ ಅದೇ ಹೆಸರು ನಿಂತಿತು. ತುಪಾಕಿಯೆಂಬುದು ತುರ್ಕರ ಮಾತಿನಿಂದಲೂ ಬಂದೂಕೆಂಬುದು ಅರಬ್ಬೀ ಮಾತಿನಿಂದಲೂ ಬಂದುವು. ಶುಕ್ರನೀತಿಸಾರದಲ್ಲಿ ನಾಲಿಕವೆಂಬ ಅಸ್ತ್ರವೂ ಅಗ್ನಿಚೂರ್ಣವೂ ವರ್ಣಿತವಾಗಿರುವುದನ್ನು ಕಂಡು, ಅತಿಪ್ರಾಚೀನ ಕಾಲದಲ್ಲಿಯೇ ಭರತಖಂಡದಲ್ಲಿ ಕೋವಿಯಿದ್ದಿತೆಂದು ವಾದಿಸಿದವರುಂಟು. ಆದರೆ ಆ ಭಾಗಗಳು ಕೋವಿಯು ಬಳಕೆಗೆ ಬಂದ ಬಳಿಕ ರಚಿತವಾದುವೆಂಬುದೇ ವಿದ್ವಾಂಸರಲ್ಲಿ ಹೆಚ್ಚಿನವರ ಮತವಾಗಿದೆ.

ಈ ಲೇಖನದಲ್ಲಿ ವಿಚಾರಿಸತಕ್ಕದ್ದು ನಳಿಗೆಯ ಮುಂಬಾಯಿಯಿಂದಲೇ ಮದ್ದನ್ನೂ ಗುಂಡನ್ನೂ ತುಂಬುವ ಹಳೆಯ ಕೋವಿಯನ್ನು ಕುರಿತು. ಇದರಲ್ಲಿ ಮೂರು ಭೇದಗಳು. ಉರಿಯುವ ಜಾಮಗಿಯ ಬತ್ತಿಯನ್ನು ಮದ್ದಿಗೆ ಮುಟ್ಟಿಸುವುದು ಮೊದಲನೆಯದು. ಚಕಮಕಿ ಕಲ್ಲಿನ ಕಿಡಿಯಿಂದ ಹೊತ್ತಿಸುವುದು ಎರಡನೆಯದು. ಪೆಟ್ಟು ಬಿದ್ದೊಡನೆ ಸಿಡಿಯುವ ಔಷಧವುಳ್ಳ ಪುಟ್ಟ ತಾಮ್ರದ ಕೇಪನ್ನಿಟ್ಟು ಹೊಡೆಯುವುದು ಮೂರನೆಯದು. ಈ ಮೂರನೆಯ ಬಗೆಗೆ ಮೂಲವಾದ ಯುಕ್ತಿಯನ್ನು 1807ರಲ್ಲಿ ತನ್ನ ಹೆಸರಿಗೆ ಹಕ್ಕುಮಾಡಿಕೊಂಡವನು ಸ್ಕಾಟ್ಲೆಂಡಿನ ಪಾದ್ರಿ ಅಲೆಗ್ಸಾಂಡರ್ ಫಾರ್ಸೈತ್. ಮಲೆನಾಡಿನಲ್ಲಿ ‘ಕೇಪಿನ ಕೋವಿ’ ಎಂದು ಕರೆಯಿಸಿಕೊಳ್ಳುವುದು ಇದೇ. ಹಿಂಬದಿಯಿಂದ ತೋಟೆಯನ್ನು ತುಂಬುವ ಕೋವಿಯು ಬಂದಮೇಲೆ ಯುದ್ಧದಲ್ಲಿ ಇದರ ಉಪಯೋಗವು ನಿಂತಿತು. ರೈತನ ಹೊಲದಲ್ಲಿಯೂ ಗುರಿಯ ಪಂದ್ಯದಲ್ಲಿಯೂ ಉಳಿಯಿತು.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲೂಕುಗಳು ಕೃಷ್ಣಾ ತುಂಗಭದ್ರೆಗಳ ನಡುವಣ ನಾಡಿಗೆ ಸೇರಿದುವು. ಈ ನಡುನಾಡಿಗೆ ಕೋವಿಯ ಪರಿಚಯವು ಹಳೆಯದು. 1520ರಲ್ಲಿ ಕೃಷ್ಣದೇವರಾಯನು ರಾಯಚೂರಿನ ಕೋಟೆಯನ್ನು ಮುತ್ತಿದಾಗ, ಕ್ರಿಸ್ತೊವಾಂವ್ ದ ಫಿಗೆರೇದು ಎಂಬ ಪೋರ್ತುಗೀಜನು ಕೆಲವರು ಕೋವಿಗಾರರೊಡನೆ ಸೇರಿ ಕೋಟೆಯ ಮೇಲಿದ್ದವರನ್ನು ಗುರಿಯಿಟ್ಟು ಹೊಡೆದುದನ್ನು ನೂನಿಜನು ವರ್ಣಿಸಿದ್ದಾನೆ. ಟೀಪು ಸುಲ್ತಾನನು ಫ್ರೆಂಚ್ ಶಿಲ್ಪಿಗಳಿಂದ ಬಲಪಡಿಸಿದ ಕೊಪ್ಪಳದ ಕೋಟೆಯು 1790ರಲ್ಲಿ ನಿಜಾಮನ ಮತ್ತು ಇಂಗ್ಲಿಷರ ಸೇನೆಗಳ ಮುತ್ತಿಗೆಗೆ ಒಳಗಾಗಿ, ತಿಂಗಳುಗಟ್ಟಲೆ ಎದುರುನಿಂತು, 1791ರಲ್ಲಿ ಕೈಬಿಟ್ಟಿತು. ಅದೇ ಕೋಟೆಯಲ್ಲಿ 1858ರಲ್ಲಿ ಮುಂಡರಗಿ ಭೀಮರಾಯನೂ ಹಮ್ಮಿಗಿ ಕೆಂಚನಗೌಡನೂ ಹೋರಾಡಿ ಮಡಿದರು. ಅದಕ್ಕೆ ಹಿಂದಿನ ವರ್ಷವೇ ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧಗಳನ್ನು ಒಪ್ಪಿಸಬೇಕೆಂಬ ಕಟ್ಟಳೆಗೆ ಒಪ್ಪದೆ ಪ್ರಾಣವನ್ನೇ ತೆತ್ತರು. ಇವೆಲ್ಲವೂ ಯುದ್ಧದ ಕಥೆಗಳು. ಕೋವಿಯನ್ನು ಹಿಡಿದು ಶತ್ರುವಿಲ್ಲದೆ, ಬೇಟೆಯಿಲ್ಲದೆ, ಕೇವಲ ಗುರಿಗಾಗಿ ಒಂದೆಡೆ ಕೂಡುವುದು ಹೇಗೆಂಬುದಕ್ಕೆ ಕರ್ಣಾಟಕದಲ್ಲಿ ಮಾದರಿಯನ್ನು ಹುಡುಕುವವರು ಕೊಡಗಿನ ಕಡೆಗೆ ನೋಡಬೇಕು.

ಹಲಗಲಿಯವರಿಂದ ಆಯುಧಗಳನ್ನು ಕೇಳಿದ ಅದೇ ಕಟ್ಟಳೆಯಿಂದ ಕೊಡವರಿಗೆ 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ನನು ವಿನಾಯಿತಿಯನ್ನು ಕೊಟ್ಟನು. ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನ ವಿಷಯದಲ್ಲಿ ಈ ವಿನಾಯಿತಿಯು ಸ್ವಾತಂತ್ರ್ಯಾನಂತರವೂ ಮುಂದುವರಿದು, 2019ರಲ್ಲಿ ಮತ್ತೆ ಹತ್ತು ವರ್ಷಗಳವರೆಗೆ ವಿಸ್ತರಿಸಲ್ಪಟ್ಟಿತು. 2021ರಲ್ಲಿ ಕರ್ಣಾಟಕದ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಅಲ್ಲಿ ಕೋವಿಗೆ ‘ತೋಕ್’ ಎಂದು ಹೆಸರು. ನಾಟಿಯ ಕೆಲಸವು ಮುಗಿದ ಬಳಿಕ, ಸೆಪ್ಟೆಂಬರಿನ ಮೊದಲಲ್ಲಿ ಬರುವ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗಳನ್ನು ಶುಚಿಮಾಡಿ, ತೋಕ್ ಪೂವಿನಿಂದ ಅಲಂಕರಿಸಿ ಪೂಜಿಸುವರು. ಹಿರಿಯನು ಕೋವಿಯನ್ನು ಕಿರಿಯರ ಕೈಗೆ ಕೊಡುವನು. ಬಳಿಕ ಊರಿನ ಬಯಲಲ್ಲಿ ಎತ್ತರದ ಮರಕ್ಕೆ ತೆಂಗಿನಕಾಯಿಯನ್ನು ಕಟ್ಟಿ ಗುಂಡು ಹೊಡೆಯುವ ಪಂದ್ಯವು ನಡೆಯುವುದು. ಹಿಂದೆ ಈ ಹಬ್ಬದೊಡನೆ ಬೇಟೆಯ ಕಾಲವು ಮೊದಲಾಗುತ್ತಿದ್ದಿತು. 1972ರ ವನ್ಯಜೀವಿ ಸಂರಕ್ಷಣೆಯ ಕಾಯದೆಯ ಮೇಲೆ ಬೇಟೆಯು ನಿಂತಿತು. ತೆಂಗಿನಕಾಯಿಯ ಪಂದ್ಯವು ನಿಲ್ಲಲಿಲ್ಲ. ಪ್ರಾಣಿಹಿಂಸೆಯನ್ನು ಬಿಟ್ಟರೂ ಗುರಿಯ ವಿದ್ಯೆಯು ಬದುಕಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣವು ಬೇಕಿಲ್ಲ.

ಆದರೆ ಕೊಡಗಿನ ಪದ್ಧತಿಯಲ್ಲಿ ಕೊಪ್ಪಳ ಸೀಮೆಯವರು ತೆಗೆದುಕೊಳ್ಳಬಹುದಾದುದು ಯಾವುದು, ತೆಗೆದುಕೊಳ್ಳಲಾಗದುದು ಯಾವುದು ಎಂಬುದನ್ನು ಬೇರ್ಪಡಿಸಬೇಕು. ವಿನಾಯಿತಿಯು ಬರುವಂತಹದಲ್ಲ, ಇಲ್ಲಿ ಪ್ರತಿಯೊಂದು ಕೋವಿಗೂ ಲೈಸೆನ್ಸು ಬೇಕು. ಹಿರಿಯನ ಕೈಯಿಂದ ಕಿರಿಯನು ಕೋವಿಯನ್ನು ಪಡೆಯುವ ಮರ್ಯಾದೆಯು ಬರಬಹುದು. ಕೊಡಗಿನಲ್ಲಿ ಮನೆತನವು ಕಾಪಾಡುವ ಶಿಸ್ತನ್ನು ಇಲ್ಲಿ ಸಂಘವು ಕಾಪಾಡಬೇಕಾಗುವುದು. ಸಂಘವು ಬೇಕಾದುದು ಈ ಕಾರಣಕ್ಕಾಗಿಯೇ ಹೊರತು ಸದ್ದಿಗಾಗಿ ಅಲ್ಲ.

ಮೊದಲು ಕಾಯದೆಯ ವಿಚಾರ. 1959ರ ಆಯುಧಗಳ ಕಾಯದೆಯು ಬಾಯಿಯಿಂದ ತುಂಬುವ ಕೋವಿಯನ್ನು ಮುಖ್ಯವಾಗಿ ಬೆಳೆಯ ರಕ್ಷಣೆಯ ಸಾಧನವೆಂದು ಎಣಿಸಿದೆ. 20 ಅಂಗುಲಕ್ಕೆ ಕಡಮೆಯಿಲ್ಲದ ನುಣುಪು ನಳಿಗೆಯ ಕೋವಿಯನ್ನು ರಕ್ಷಣೆಗೂ ಕ್ರೀಡೆಗೂ, ಗಾಳಿಕೋವಿಯನ್ನೂ .22ರ ರೈಫಲನ್ನೂ ಮಾನ್ಯವಾದ ರೈಫಲ್ ಕ್ಲಬ್ಬಿನ ಸದಸ್ಯರ ಗುರಿಯಭ್ಯಾಸಕ್ಕೂ ಹೇಳಿದೆ. ಆದಕಾರಣ ಹಂದಿಗಳಿಂದ ಹೊಲವನ್ನು ಕಾಯಲೆಂದು ಕೊಟ್ಟ ಲೈಸೆನ್ಸನ್ನು ನೆಚ್ಚಿ ಪಂದ್ಯಕ್ಕೆ ಬರುವುದು ಸರಿಯಲ್ಲ. ಉದ್ದೇಶವನ್ನು ತಿಳಿಸಿ ಜಿಲ್ಲಾಧಿಕಾರಿಗಳಿಂದ ಬರೆಹದ ಅನುಮತಿಯನ್ನು ಪಡೆಯತಕ್ಕದ್ದು. ವಾಡೆಯ ಗೋಡೆಯ ಮೇಲೆ ತೂಗುವ ಅಜ್ಜನ ಕಾಲದ ಕೋವಿಗೆ ಲೈಸೆನ್ಸೇ ಬೇಡವೆಂದು ತಿಳಿದವರುಂಟು. ದುರಸ್ತಿಮಾಡಿಯೂ ಮಾಡದೆಯೂ ಹಾರಿಸಲಾಗದಂತಹ ಹಳೆಯ ಆಯುಧಕ್ಕೆ ಮಾತ್ರ ಆ ಬಿಡುವು ಸಲ್ಲುವುದು; ಹಾರಿಸಲು ಬರುವಂತಹದು ಎಷ್ಟು ಹಳೆಯದಾದರೂ ಕೋವಿಯೇ. 2016ರ ಆಯುಧಗಳ ನಿಯಮಗಳ ಪ್ರಕಾರ ಲೈಸೆನ್ಸನ್ನು ಬೇಡುವವನು ಸುರಕ್ಷತೆಯ ಶಿಕ್ಷಣವನ್ನೂ ಪಡೆದಿರಬೇಕು.

ಸಂಘದ ಸ್ಥಾಪನೆಯು ಕಷ್ಟವಲ್ಲ. 1960ರ ಕರ್ಣಾಟಕದ ಸಂಘಗಳ ನೋಂದಣಿಯ ಕಾಯದೆಯ ಮೇರೆಗೆ 7 ಮಂದಿ ಸೇರಿ ನಿಯಮಾವಳಿಯನ್ನು ಬರೆದು ನೋಂದಾಯಿಸಬಹುದು. ನೋಂದಣಿಯಾದ ಮಾತ್ರಕ್ಕೆ ಗುಂಡು ಹಾರಿಸುವ ಅಧಿಕಾರವು ಬಾರದೆಂಬುದನ್ನು ಮಾತ್ರ ಮರೆಯಲಾಗದು. ಕ್ಲಬ್ಬಿಗೆ ಲೈಸೆನ್ಸು ಅಥವಾ ಮಾನ್ಯತೆಯು ಬೇರೆಯಾಗಿ ಬೇಕು. ಅದಕ್ಕೆ ರಾಜ್ಯದ ರೈಫಲ್ ಸಂಸ್ಥೆಯೊಡನೆಯೂ, ಅದರ ಮೂಲಕ 1951ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ರೈಫಲ್ ಸಂಸ್ಥೆಯೊಡನೆಯೂ ಸಂಬಂಧವನ್ನು ಬೆಳೆಯಿಸುವುದು ಒಳ್ಳೆಯ ದಾರಿ. ಮೊದಲ ವರ್ಷದಲ್ಲಿ ಗಾಳಿಕೋವಿಯಿಂದಲೇ ಗುರಿಯ ಪಾಠವನ್ನು ನಡೆಯಿಸಿ, ಕೈಯೂ ಕಣ್ಣೂ ನಡತೆಯೂ ಪಳಗಿದವರನ್ನು ಮಾತ್ರ ಮದ್ದಿನ ಕೋವಿಗೆ ಬಿಟ್ಟರೆ ಸಂಘದ ಅಡಿಪಾಯವು ಗಟ್ಟಿಯಾಗುವುದು.

ಎರಡನೆಯದು ನೆಲದ ವಿಚಾರ. ಕೊಪ್ಪಳ ಗಂಗಾವತಿಗಳ ಬೆಟ್ಟಗಳನ್ನು ಕಂಡವರು, ಗುಂಡನ್ನು ತಡೆಯಲು ಬಂಡೆಗಿಂತ ಉತ್ತಮವಾದುದಾವುದೆಂದು ಕೇಳಬಹುದು. ಬಂಡೆಯೇ ಎಲ್ಲಕ್ಕಿಂತ ಅಪಾಯಕರವಾದುದು. ಕಲ್ಲಿಗೆ ತಾಗಿದ ಸೀಸದ ಗುಂಡು ಎತ್ತ ಸಿಡಿಯುವುದೆಂದು ಹೇಳಲಾಗದು. ಗುರಿಯ ಹಿಂದೆ ಕಲ್ಲಿಲ್ಲದ ಮಣ್ಣಿನ ಎತ್ತರವಾದ ದಿಬ್ಬವಿರಬೇಕು; ಅದರ ಹಿಂದೆ ದಾರಿ, ಹೊಲ, ಕುರಿಹಟ್ಟಿಗಳು ಇರಕೂಡದು. ತೆಂಗಿನಕಾಯಿಯನ್ನು ಮರದ ತುದಿಗೆ ಕಟ್ಟಿದರೆ ತಪ್ಪಿದ ಗುಂಡು ಬಹುದೂರ ಹೋಗುವುದರಿಂದ, ಬಯಲುಸೀಮೆಯಲ್ಲಿ ಅದನ್ನು ದಿಬ್ಬದ ಮುಂದೆ ಗೂಟದ ಮೇಲೆ ಕೂರಿಸುವುದೇ ಯುಕ್ತ. ಕಾಲವನ್ನೂ ನೋಡಬೇಕು. ಕರಿಮದ್ದಿನ ಈಡಿನೊಡನೆ ಕಿಡಿಗಳು ಬೀಳುವುವು. ಯಲಬುರ್ಗಾ ಕುಷ್ಟಗಿಗಳಲ್ಲಿ ಸುಗ್ಗಿಯ ಮೇಲೆ ಕಣಿಕೆಯ ಬಣವೆಗಳು ಒಣಗಿ ನಿಂತಿರುವಾಗ ಪಂದ್ಯವನ್ನಿಡುವುದು ಊರಿಗೆ ಬೆಂಕಿಯನ್ನು ಕರೆದಂತೆ. ನೆಲವು ಹಸಿಯಾಗಿರುವ ಭಾದ್ರಪದ ಆಶ್ವೀಜಗಳು ಮೇಲು. ಚುನಾವಣೆಯ ಕಾಲದಲ್ಲಿ ಕೋವಿಗಳನ್ನು ಠಾಣೆಗೆ ಒಪ್ಪಿಸಬೇಕಾಗುವುದರಿಂದ ಆ ದಿನಗಳನ್ನೂ ಬಿಡಬೇಕು.

ಮೂರನೆಯದು ಪಂದ್ಯದ ಕಟ್ಟು. ವಾಸಿಷ್ಠ ಧನುರ್ವೇದದಲ್ಲಿ ಲಕ್ಷ್ಯವನ್ನು ಸ್ಥಿರ, ಚಲ, ಚಲಾಚಲ, ದ್ವಯಚಲ ಎಂದು ನಾಲ್ಕಾಗಿ ವಿಭಾಗಿಸಿದೆ. ಹೊಡೆಯುವವನೂ ಗುರಿಯೂ ನಿಶ್ಚಲವಾಗಿರುವುದು ಸ್ಥಿರ. ಇಬ್ಬರೂ ಚಲಿಸುವುದು ದ್ವಯಚಲ. ಸಂಘವು ಸ್ಥಿರಲಕ್ಷ್ಯವೊಂದನ್ನೇ ಸ್ವೀಕರಿಸತಕ್ಕದ್ದು. ಹೊರದೇಶಗಳಲ್ಲಿಯೂ ಕ್ರಮವು ಇದೇ. ಅಮೆರಿಕದಲ್ಲಿ 1933ರಲ್ಲಿಯೂ ಬ್ರಿಟನ್ನಿನಲ್ಲಿ 1952ರಲ್ಲಿಯೂ ಇಂತಹ ಕೋವಿಗಾರರ ಸಂಘಗಳು ಹುಟ್ಟಿದುವು. 1971ರಿಂದ ಅಂತಾರಾಷ್ಟ್ರೀಯ ಪಂದ್ಯಗಳು ನಡೆಯುತ್ತಿವೆ. ಅವುಗಳಲ್ಲಿ ಒಬ್ಬನಿಗೆ 30 ನಿಮಿಷಗಳಲ್ಲಿ 13 ಈಡುಗಳು. ಅವುಗಳೊಳಗೆ ಉತ್ತಮವಾದ 10ನ್ನು ಎಣಿಸುವರು. ಜಾಮಗಿಯ ಕೋವಿಯ ಪಂದ್ಯವೊಂದಕ್ಕೆ, 1543ರಲ್ಲಿ ಪೋರ್ತುಗೀಜರ ಕೋವಿಯು ಮೊದಲು ಬಂದಿಳಿದ ಜಪಾನಿನ ತಾನೆಗಾಶಿಮಾ ದ್ವೀಪದ ಹೆಸರನ್ನಿಟ್ಟಿದ್ದಾರೆ.

ಆ ಪಂದ್ಯಗಳ ನಿಯಮಗಳಲ್ಲಿ ಮುಖ್ಯವಾದುದು, ಮದ್ದಿನ ಬುರುಡೆಯಿಂದ ನೇರವಾಗಿ ನಳಿಗೆಗೆ ಸುರಿಯಕೂಡದೆಂಬುದು. ಹಿಂದಿನ ಈಡಿನ ಕೆಂಡದ ಕಣವೊಂದು ಒಳಗೆ ಉಳಿದಿದ್ದರೆ ಬುರುಡೆಯೇ ಕೈಯಲ್ಲಿ ಸಿಡಿಯುವುದು. ಆದುದರಿಂದ ಒಂದೊಂದು ಈಡಿನ ಮದ್ದನ್ನು ಮೊದಲೇ ಅಳೆದು ಬೇರೆ ಬೇರೆ ಶೀಶೆಗಳಲ್ಲಿಡುವರು. ಒಮ್ಮೆ ತುಂಬಿದುದನ್ನು ಮರೆತು ಮತ್ತೊಮ್ಮೆ ತುಂಬುವ ಪ್ರಮಾದವೂ ಇದರಿಂದ ಕಡಮೆಯಾಗುವುದು. ಗುಂಡನ್ನು ಮದ್ದಿನ ಮೇಲೆ ಗಟ್ಟಿಯಾಗಿ ಕೂರಿಸಬೇಕು. ನಡುವೆ ತೆರಪು ಉಳಿದರೆ ನಳಿಗೆಯು ಒಡೆಯಬಹುದು. ಕೇಪು ಸಿಡಿದೂ ಈಡು ಹೋಗದಿದ್ದಾಗ ಕೋವಿಯನ್ನು ದಿಬ್ಬದ ಕಡೆಗೇ ಹಿಡಿದು ಕಾಯಬೇಕು. ಕಣ್ಣಿಗೂ ಕಿವಿಗೂ ರಕ್ಷೆಯಿರಬೇಕು. ಹಳೆಯ ನಳಿಗೆಗಳನ್ನು ಬಲ್ಲವರಿಂದ ಪರೀಕ್ಷಿಸದೆ ಬಯಲಿಗೆ ತರಕೂಡದು. ಬಯಲಿನಲ್ಲಿ ಒಬ್ಬನೇ ಅಧಿಕಾರಿಯ ಅಪ್ಪಣೆಯು ನಡೆಯಬೇಕು. ಅವನು ನಿಲ್ಲಿಸೆಂದೊಡನೆ, ಊರ ಗೌಡನಾಗಲಿ ದೇಸಾಯಿಯಾಗಲಿ ನಿಲ್ಲಿಸಬೇಕು.

ಕಡೆಯದಾಗಿ, ಪಂದ್ಯವನ್ನು ಜಾತ್ರೆಗೂ ಮದುವೆಗೂ ಮೆರವಣಿಗೆಗೂ ಜೋಡಿಸುವ ಆಸೆಯನ್ನು ಬಿಡಬೇಕು. ಖಂಡೇಪೂಜೆಯಲ್ಲಿ ಕೋವಿಗೆ ಅರಿಸಿನ ಕುಂಕುಮಗಳನ್ನಿಡುವುದು ಬೇರೆ, ಜನರ ನಡುವೆ ಅದನ್ನು ಹಾರಿಸುವುದು ಬೇರೆ. 2019ರ ತಿದ್ದುಪಡಿಯು ಸಂಭ್ರಮಕ್ಕಾಗಿ ಗುಂಡು ಹಾರಿಸಿ ಪರರ ಪ್ರಾಣಕ್ಕೆ ಅಪಾಯವನ್ನೊಡ್ಡುವವರಿಗೆ ಎರಡು ವರ್ಷಗಳವರೆಗಿನ ಸೆರೆಯನ್ನು, ಅಥವಾ ಒಂದು ಲಕ್ಷ ರೂಪಾಯಿಗಳವರೆಗಿನ ದಂಡವನ್ನು, ಇಲ್ಲವೆ ಎರಡನ್ನೂ ವಿಧಿಸಿದೆ. ಗವಿಮಠದ ಜಾತ್ರೆಯಂತಹ ಜನಸಾಗರದ ಹತ್ತಿರ ಒಂದು ಈಡೂ ಕೇಳಿಬರಕೂಡದು. ಬೇಟೆಯ ನೆಪವೂ ಸಲ್ಲದು. ಬಂಕಾಪುರದ ತೋಳಗಳೂ ಎರೆಹೊಲದ ಹುಲ್ಲೆಗಳೂ ಇರುವ ನಾಡಿನಲ್ಲಿ, ಸಂಘದ ಸದಸ್ಯನೊಬ್ಬನು ಕಾಡುಪ್ರಾಣಿಗೆ ಗುರಿಯಿಟ್ಟನೆಂದರೆ ಅಂದಿಗೇ ಅವನ ಹೆಸರನ್ನು ತೆಗೆಯತಕ್ಕದ್ದೆಂದು ನಿಯಮಾವಳಿಯಲ್ಲಿಯೇ ಬರೆಯಬೇಕು.

ಇಷ್ಟು ಕಟ್ಟುಗಳೇಕೆಂದರೆ, ಇಲ್ಲಿ ಪಣವಾಗಿರುವುದು ಪಂದ್ಯವೊಂದೇ ಅಲ್ಲ. ಒಂದು ಅವಘಡವಾಯಿತೆಂದರೆ ಸಂಘವು ಮುಚ್ಚುವುದಲ್ಲದೆ, ಹಂದಿಗಳಿಂದ ಬೆಳೆಯನ್ನು ಕಾಯುವ ಬಡರೈತನ ಲೈಸೆನ್ಸಿನ ಮೇಲೆಯೂ ಅಧಿಕಾರಿಗಳ ಕಣ್ಣು ಬೀಳುವುದು; ಹಳೆಯ ಕೋವಿಗಳು ತುಕ್ಕುಹಿಡಿದು ಗುಜರಿಗೆ ಹೋಗುವುವು; ಅವನ್ನು ತುಂಬಿ ಹಾರಿಸುವ ಕ್ರಮವನ್ನು ಬಲ್ಲ ಮುದುಕರ ವಿದ್ಯೆಯು ಅವರೊಡನೆಯೇ ಮುಗಿಯುವುದು. ಮೊದಲ ಪಂದ್ಯಕ್ಕೆ ಹತ್ತೇ ಮಂದಿ ಬಂದರೂ ಚಿಂತೆಯಿಲ್ಲ. ಆ ಹತ್ತು ಮಂದಿಯೂ ಯಾರಿಗೂ ನೋವಿಲ್ಲದೆ ಮನೆಗೆ ಹಿಂದಿರುಗಿದರೆ, ಎರಡನೆಯ ಪಂದ್ಯಕ್ಕೆ ಅನುಮತಿಯನ್ನು ಬೇಡುವಾಗ ಸಂಘಕ್ಕೆ ಅದಕ್ಕಿಂತ ಬಲವಾದ ಶಿಫಾರಸು ಬೇರೊಂದಿಲ್ಲ.